ಮಕ್ಕಳ ಚಂಚಲತೆಯೂ ಮೈಯ ಸಮತೋಲವೂ
(ಉಪ್ಪಲ್‌ನ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ವಾರಕ್ಕೊಂದು ರಜೆ, ಅದನ್ನೂ ಬಿಟ್ಟು ಬಂದಿದ್ದೀರಿ. ಆದುದರಿಂದ ಪೀಠಿಕೆಯನ್ನು ಬೆಳೆಸುವುದಿಲ್ಲ. ಈ ವಾಚನಾಲಯಕ್ಕೆ ತಂದೆಯೊಡನೆ ಬರುವ ಒಬ್ಬ ಚಿಕ್ಕ ಹುಡುಗನಿದ್ದಾನೆ. ತಂದೆ ಪತ್ರಿಕೆಯ ಒಂದು ಪುಟ ಮುಗಿಸುವಷ್ಟರಲ್ಲಿ ಅವನು ಬೆಂಚಿನಿಂದ ಎರಡು ಸಲ ಜಾರಿರುತ್ತಾನೆ, ಬಾಗಿಲಲ್ಲಿಟ್ಟ ಚಪ್ಪಲಿಗಳನ್ನು ಎಡವಿರುತ್ತಾನೆ, ನೀರಿನ ಲೋಟ ಉರುಳಿಸಿರುತ್ತಾನೆ. ಶಾಲೆಯಿಂದ ದೂರು, ಮನೆಯಲ್ಲಿ ಏಟು. “ಇವನಿಗೆ ಮೈಮೇಲೆ ಎಚ್ಚರವೇ ಇಲ್ಲ” ಎನ್ನುತ್ತಾರೆ ತಂದೆ. ಬೈಗುಳವಾಗಿ ಬಂದ ಆ ಮಾತಿನಲ್ಲಿ ಒಂದು ನಿಜವೂ ಅಡಗಿದೆ.

ಇಂಥ ಮಕ್ಕಳನ್ನು ಕುರಿತು ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿಯೇ ಉಪನ್ಯಾಸ ಮಾಡಿದ್ದರು. ಬುದ್ಧಿಗೆ ಕೊರತೆಯಿಲ್ಲ, ಆದರೆ ಗಮನ ಒಂದೆಡೆ ನಿಲ್ಲದು ಎಂಬುದನ್ನು ಅವರು ಕಂಡಿದ್ದರು. ಈಗ ಇದಕ್ಕೆ ಎ.ಡಿ.ಎಚ್.ಡಿ. ಎಂದು ಹೆಸರು, ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎಂದರ್ಥ. ಸುಮಾರು ನೂರಕ್ಕೆ 5 ಮಕ್ಕಳಲ್ಲಿ ಇದು ಇರುವುದೆಂದು ಅಂದಾಜು.

ಗಮನಕ್ಕೂ ಮುಗ್ಗರಿಸುವುದಕ್ಕೂ ಏನು ನಂಟು? ಈಗಲೇ ಎದ್ದು ಒಂಟಿಕಾಲಿನಲ್ಲಿ ನಿಂತು, ನೂರರಿಂದ ಏಳೇಳು ಕಳೆಯುತ್ತ ಹಿಂದಕ್ಕೆ ಎಣಿಸಿರಿ. ಲೆಕ್ಕ ತಪ್ಪೀತು, ಇಲ್ಲವೆ ಕಾಲು ಓಲಾಡೀತು. ನೆಟ್ಟಗೆ ನಿಲ್ಲುವುದು ನಮಗೆ ಕೆಲಸವೆಂದೇ ತೋರುವುದಿಲ್ಲ. ಆದರೆ ಕಣ್ಣು ಒಂದು ಸುದ್ದಿ ಕಳಿಸುತ್ತದೆ, ಒಳಕಿವಿಯ ಕೊಳವೆಗಳು ಇನ್ನೊಂದು, ಅಂಗಾಲು ಕೀಲುಗಳು ಮತ್ತೊಂದು. ಇವನ್ನೆಲ್ಲ ಹೊಂದಿಸುವುದರಲ್ಲಿ ತಲೆಯ ಹಿಂಭಾಗದ ಕಿರುಮಿದುಳಿನ ಪಾತ್ರ ದೊಡ್ಡದು. ಎಳೆಯ ಮಗುವಿಗೆ ಈ ವಿದ್ಯೆ ಇನ್ನೂ ಪೂರ್ತಿ ರೂಢಿಯಾಗಿರುವುದಿಲ್ಲ. ಅದು ನಿಲ್ಲುವುದಕ್ಕೂ ಕೂಡುವುದಕ್ಕೂ ಗಮನವನ್ನು ಖರ್ಚು ಮಾಡಬೇಕು. ಗಮನವೇ ಕಡಮೆಯಿದ್ದ ಮಗು ಒಂದೇ ಕೈಚೀಲದಿಂದ ಎರಡು ಸಾಲ ತೀರಿಸಿದಂತೆ ಆಗುತ್ತದೆ. ತಿಂಗಳ ಕೊನೆಯ ವಾರ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಎ.ಡಿ.ಎಚ್.ಡಿ. ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕೈಕಾಲುಗಳ ಹೊಂದಾಣಿಕೆಯಲ್ಲಿಯೂ ತೊಡಕಿರುತ್ತದೆ. ಸಲಕರಣೆಯ ಹಲಗೆಯ ಮೇಲೆ ನಿಲ್ಲಿಸಿ ಅಳೆದಾಗ ಇವರ ಮೈ ಉಳಿದ ಮಕ್ಕಳದಕ್ಕಿಂತ ಸರಾಸರಿ ಹೆಚ್ಚು ತೂಗಾಡುವುದು ಕಂಡುಬಂದಿದೆ. ಇವರ ಕಿರುಮಿದುಳು ಸರಾಸರಿಯಲ್ಲಿ ತುಸು ಚಿಕ್ಕದೆಂದೂ ಚಿತ್ರ ತೆಗೆದು ನೋಡಿದವರು ಹೇಳಿದ್ದಾರೆ. ಆದರೆ ಇದು ಗುಂಪಿನ ಲೆಕ್ಕ. ಒಂದು ಮಗುವಿನ ಮಿದುಳಿನ ಚಿತ್ರ ತೆಗೆದು ಈ ತೊಂದರೆಯನ್ನು ನಿರ್ಣಯಿಸಲಾಗದು. ಹಾಗೆ ಹೇಳಿ ಹಣ ಕೇಳಿದರೆ ಕೊಡಬೇಡಿರಿ. ಬೀಳುವ ಮಕ್ಕಳೆಲ್ಲ ಇಂಥವರಲ್ಲ. ಇಂಥ ಮಕ್ಕಳಲ್ಲಿ ಮರ ಹತ್ತುವುದರಲ್ಲಿ ಎಲ್ಲರಿಗಿಂತ ಮುಂದಿರುವವರೂ ಉಂಟು.

ನಮ್ಮಂಥ ವಲಸೆಗಾರರ ಮನೆಗಳಲ್ಲಿ ಇನ್ನೊಂದು ಗೊಂದಲವಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಅರ್ಥವಾಗದ ಪಾಠದ ಮುಂದೆ ಯಾವ ಮಗುವಾದರೂ ಕಿಟಕಿಯ ಹೊರಗೆ ನೋಡುತ್ತದೆ. ಆದುದರಿಂದಲೇ ವೈದ್ಯರು ಲಕ್ಷಣಗಳು ಆರು ತಿಂಗಳಾದರೂ ಇರಬೇಕು, ಶಾಲೆ ಮನೆ ಹೀಗೆ ಎರಡು ಕಡೆಯಾದರೂ ಕಾಣಬೇಕು, ಹನ್ನೆರಡರ ಒಳಗೆ ತೋರಿರಬೇಕು ಎನ್ನುತ್ತಾರೆ. ಅಜ್ಜಿ ಕನ್ನಡದಲ್ಲಿ ಹೇಳುವ ಕಥೆಯನ್ನು ಕಣ್ಣರಳಿಸಿ ಕೇಳುವ ಹುಡುಗಿ, ತರಗತಿಯಲ್ಲಿ ಮಾತ್ರ ಮಂಕಾದರೆ, ಮೊದಲು ಭಾಷೆಯನ್ನು ವಿಚಾರಿಸಿರಿ. ಕಣ್ಣು, ಕಿವಿ, ನಿದ್ದೆ, ರಕ್ತಹೀನತೆ ಇವನ್ನೂ ನೋಡಿಸಬೇಕು. ಚೆನ್ನಾಗಿ ನಡೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ತೂರಾಡತೊಡಗಿದರೆ, ತಲೆನೋವು ವಾಂತಿ ಸೇರಿದರೆ, ಅದು ಬೇರೆಯೇ ಮಾತು. ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಕುಂಟೆಬಿಲ್ಲೆ ಆಡಿಸಿರಿ, ಇಲ್ಲಿಯ ಮಕ್ಕಳು ಅದನ್ನೇ ತೊಕ್ಕುಡುಬಿಳ್ಳ ಎಂದು ಆಡುತ್ತಾರೆ. ಕಾಲಿಗೆ ಹಿಡಿತ ಬರುತ್ತದೆ, ಗೆಳೆಯರೂ ಸಿಗುತ್ತಾರೆ. ಆದರೆ ಸಮತೋಲದ ವ್ಯಾಯಾಮದಿಂದ ಚಂಚಲತೆಯೇ ವಾಸಿಯಾಗುವುದೆಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಇಂಗ್ಲೆಂಡಿನಲ್ಲಿ ಹಾಗೆ ದುಬಾರಿ ಶುಲ್ಕಕ್ಕೆ ವ್ಯಾಯಾಮ ಕಲಿಸುತ್ತಿದ್ದ ಕಂಪನಿಯೊಂದು 2008ರಲ್ಲಿ ಕುಸಿಯಿತು. ಬೆಂಚಿನಲ್ಲಿ ಕೂತಾಗ ಮಗುವಿನ ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಹಲಗೆಯಿಡಿರಿ. ಹೇಳುವುದನ್ನು ಹತ್ತಿರ ಹೋಗಿ, ಒಂದು ಸಲಕ್ಕೆ ಒಂದೇ ಮಾತಾಗಿ ಹೇಳಿರಿ. ಆರು ವರ್ಷದೊಳಗಿನವರಿಗೆ ಮೊದಲು ಔಷಧಿಯಲ್ಲ. ಮಗುವನ್ನು ನಡೆಸುವ ಬಗೆಯಲ್ಲಿ ತಂದೆತಾಯಿಗಳಿಗೆ ತರಬೇತಿ. ದೊಡ್ಡವರಿಗೆ ವೈದ್ಯರು ಔಷಧಿ ಬರೆದರೆ ಹೆದರಬೇಕಾಗಿಲ್ಲ.

ಎಲ್ಲಿಗೆ ಹೋಗಬೇಕು? ಮಕ್ಕಳ ಸರ್ಕಾರಿ ಆಸ್ಪತ್ರೆ ನಿಲೋಫರ್ ಇದೆ. ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಉಪ್ಪಲ್‌ನಿಂದ ಮೆಟ್ರೋದಲ್ಲಿ ಅಮೀರಪೇಟೆಗೆ ಹೋಗಿ ಬದಲಾಯಿಸಬೇಕು. ಊರಿನ ಕಡೆ ಹೋಗುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಉಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿಯೂ ಈ ತೊಂದರೆ ಸೇರಿದೆ; ಅಂಗನವಾಡಿಯಲ್ಲಿ, ಸರ್ಕಾರಿ ಶಾಲೆಯಲ್ಲಿ ಕೇಳಿರಿ.

ಹೋಗುವ ಮುನ್ನ ಎರಡು ವಾರ ಬರೆದಿಡಿರಿ: ಎಲ್ಲಿ ಬಿದ್ದ, ಯಾವಾಗ ಗಮನ ತಪ್ಪಿತು, ಯಾವಾಗ ನಿಂತು ಕೇಳಿದ. ಬರೆಯಲು ಬಾರದವರು, ತೆಲುಗಿನಲ್ಲಿ ಬೇಕಾದವರು ಸಂಜೆ ಏಳರ ಮೇಲೆ ಇಲ್ಲಿಗೆ ಬನ್ನಿರಿ, ಬರೆದುಕೊಡುತ್ತೇವೆ. ಮಗುವನ್ನೂ ಕರೆತನ್ನಿರಿ. ಲೋಟಗಳನ್ನು ಮೇಲಿನ ಹಲಗೆಗೆ ಸೇರಿಸಿದ್ದೇವೆ.