ಕ್ರೈಸ್ತ ಭಕ್ತರ ಅನುಭವಗೋಷ್ಠಿ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಅನುಭಾವಗೋಷ್ಠಿಯೆಂಬ ಮಾತು ಈ ಸಭೆಗೆ ಹೊಸದಲ್ಲ. ಭಕ್ತನು ತನ್ನ ಅಂತರಂಗದ ಸ್ಥಿತಿಯನ್ನು ಸಹಭಕ್ತರ ಮುಂದೆ ಮುಚ್ಚುಮರೆಯಿಲ್ಲದೆ ಅರುಹುವುದೂ, ಅವರು ಅದನ್ನು ಕೇಳಿ ತಿದ್ದುವುದೂ ಸಂತೈಸುವುದೂ ಕಲ್ಯಾಣದ ಶರಣರ ಮಾರ್ಗವೆಂದು ಇಲ್ಲಿಯ ಮಕ್ಕಳೂ ಬಲ್ಲರು. ಇದಕ್ಕೆ ಹೋಲುವ ಒಂದು ಪದ್ಧತಿಯು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಕ್ರೈಸ್ತರಲ್ಲಿ ಹುಟ್ಟಿ ಬೆಳೆದ ಸಂಗತಿಯನ್ನು ಬಲ್ಲವರು ಮಾತ್ರ ವಿರಳ. ಮೈಸೂರಿನಲ್ಲಿ ೧೮೮೭ರಿಂದ ‘ವೃತ್ತಾಂತ ಪತ್ರಿಕೆ’ಯನ್ನು ಹೊರಡಿಸಿದ ವೆಸ್ಲಿಯನ್ ಮಿಷನ್ನಿನವರ ಹೆಸರು ಹಿಂದಿನ ಓದುಗರಿಗೆ ಪರಿಚಿತವಾಗಿದ್ದಿತು. ಆದರೆ ಆ ಹೆಸರಿಗೆ ಮೂಲಪುರುಷನಾದ ಜಾನ್ ವೆಸ್ಲಿಯು ಯಾರು, ಆತನ ಅನುಯಾಯಿಗಳು ವಾರಕ್ಕೊಮ್ಮೆ ಕಲೆತು ಏನು ಮಾತಾಡುತ್ತಿದ್ದರು ಎಂಬುದನ್ನು ವಿಚಾರಿಸಿದವರು ಎಷ್ಟು ಮಂದಿ? ಅವರ ಮತಸಿದ್ಧಾಂತವು ಬೇರೆ, ಶಿವಯೋಗದ ಸಿದ್ಧಾಂತವು ಬೇರೆ. ಎರಡನ್ನೂ ಕಲಸುವುದು ಈ ಉಪನ್ಯಾಸದ ಉದ್ದೇಶವಲ್ಲ.

ವೆಸ್ಲಿಯು ೧೭೦೩ರಲ್ಲಿ ಎಪ್‌ವರ್ತ್ ಎಂಬ ಊರಿನ ಪಾದ್ರಿಯ ಮನೆಯಲ್ಲಿ ಹುಟ್ಟಿದನು. ಆಕ್ಸ್‌ಫರ್ಡಿನಲ್ಲಿ ಶಾಸ್ತ್ರಾಧ್ಯಯನ ಮಾಡಿ ತಾನೂ ಪಾದ್ರಿಯಾದನು. ಉಪವಾಸ, ಪ್ರಾರ್ಥನೆ, ಸೆರೆಮನೆಯ ಕೈದಿಗಳ ಸೇವೆ, ಇವುಗಳಲ್ಲಿ ನೇಮ ತಪ್ಪಿದವನಲ್ಲ. ಹೀಗಿರಲು ಆತನು ಅಮೇರಿಕೆಯ ಜಾರ್ಜಿಯ ಪ್ರಾಂತಕ್ಕೆ ಹಡಗಿನಲ್ಲಿ ಹೋಗುತ್ತಿದ್ದಾಗ, ೧೭೩೬ರ ಜನವರಿಯಲ್ಲಿ, ನಡುಗಡಲಿನಲ್ಲಿ ಘೋರವಾದ ಬಿರುಗಾಳಿಯೆದ್ದಿತು. ನೀರು ಹಡಗಿನ ಮೇಲೆ ಕವಿದು ದೊಡ್ಡ ಹಾಯಿಯು ಹರಿಯಿತು. ಆಂಗ್ಲರು ಭಯದಿಂದ ಚೀರಿಕೊಂಡರು. ಅದೇ ಹಡಗಿನಲ್ಲಿದ್ದ ಮೊರೇವಿಯನ್ ಪಂಥದ ಜರ್ಮನರಾದರೋ, ಹೆಂಗಸರು ಮಕ್ಕಳಾದಿಯಾಗಿ, ತೊಡಗಿದ್ದ ಕೀರ್ತನೆಯನ್ನು ನಿಲ್ಲಿಸದೆ ಹಾಡುತ್ತಿದ್ದರು. ಅನ್ಯರಿಗೆ ದೇವರನ್ನು ನಂಬಿರೆಂದು ಬೋಧಿಸಲು ಹೊರಟವನಿಗೆ, ತನ್ನ ಎದೆಯಲ್ಲಿ ಆ ನಂಬುಗೆಯಿಲ್ಲವೆಂಬುದು ಅಂದು ಗೊತ್ತಾಯಿತು. ಪಾಂಡಿತ್ಯವಿದ್ದೂ ಅನುಭವವಿಲ್ಲದವನ ಸಂಕಟವು ಎಂಥದೆಂಬುದನ್ನು ಪಾಠಶಾಲೆಯಲ್ಲಿ ಬೆಳೆದವರು ಬಲ್ಲರು.

ಎರಡು ವರ್ಷಗಳ ತರುವಾಯ, ೧೭೩೮ರ ಮೇ ೨೪ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಕೂಟಕ್ಕೆ ಆತನು ಮನಸ್ಸಿಲ್ಲದ ಮನಸ್ಸಿನಿಂದ ಹೋದನು. ಅಲ್ಲಿ ಒಬ್ಬರು ಲೂಥರನು ಬರೆದ ಪೀಠಿಕೆಯೊಂದನ್ನು ಓದುತ್ತಿರಲು, ನಂಬುಗೆಯು ತನ್ನ ಹೃದಯದಲ್ಲಿ ಮೊದಲ ಬಾರಿಗೆ ಹುಟ್ಟಿತೆಂದು ದಿನಚರಿಯಲ್ಲಿ ಬರೆದಿದ್ದಾನೆ. ಆತನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಹೋಗಲಿಲ್ಲ. ತನಗಾದುದನ್ನು ಅಲ್ಲಿಯೇ ನೆರೆದವರೆಲ್ಲರ ಮುಂದೆ ಬಾಯಿಬಿಟ್ಟು ಹೇಳಿದನು. ಕೇಳುವ ಕಿವಿಗಳು ಅಲ್ಲಿದ್ದವು. ಅದೇ ವರ್ಷದ ಡಿಸೆಂಬರ ೨೫ರಂದು ಆತನು ಐದರಿಂದ ಹತ್ತು ಜನರ ಸಣ್ಣ ಕೂಟಗಳಿಗಾಗಿ ನಿಯಮಗಳನ್ನು ಬರೆದನು. ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಕೂಡುವುದು; ಮಾತಿನಲ್ಲಿ, ಮನಸ್ಸಿನಲ್ಲಿ, ಕೃತಿಯಲ್ಲಿ ಆದ ತಪ್ಪುಗಳನ್ನು ಒಬ್ಬೊಬ್ಬರಾಗಿ ಸರಳವಾಗಿ ಹೇಳುವುದು; ಮೊದಲು ಒಬ್ಬನು ತನ್ನ ಸ್ಥಿತಿಯನ್ನು ಹೇಳಿ ಆಮೇಲೆ ಉಳಿದವರನ್ನು ಕೇಳುವುದು. ಪ್ರಶ್ನೆ ಕೇಳುವವನೇ ಮೊದಲು ತನ್ನ ಎದೆಯನ್ನು ತೆರೆಯಬೇಕೆಂಬ ಈ ಒಂದು ಕಟ್ಟಳೆಯಿಲ್ಲದಿದ್ದರೆ ಅದು ಗೋಷ್ಠಿಯಾಗದೆ ಪೋಲೀಸರ ವಿಚಾರಣೆಯಾಗುತ್ತಿತ್ತು.

ಆದರೆ ಈ ಪದ್ಧತಿಯು ಬಡಬಗ್ಗರವರೆಗೆ ಹಬ್ಬಿದುದು ಸಾಲದ ದೆಸೆಯಿಂದ! ಬ್ರಿಸ್ಟಲ್ ಪಟ್ಟಣದಲ್ಲಿ ೧೭೩೯ರಲ್ಲಿ ಕಟ್ಟಲಾರಂಭಿಸಿದ ಪ್ರಾರ್ಥನಾಮಂದಿರದ ಮೇಲೆ ಋಣವಿದ್ದಿತು. ೧೭೪೨ರ ಫೆಬ್ರುವರಿ ೧೫ರಂದು ಅದನ್ನು ತೀರಿಸುವ ಬಗೆಯನ್ನು ಆಲೋಚಿಸಲು ಕೂಡಿದಾಗ, ಫಾಯ್ ಎಂಬ ಹಡಗಿನ ಕಪ್ತಾನನು, ಪ್ರತಿಯೊಬ್ಬ ಸದಸ್ಯನೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದನು. ಅನೇಕರಿಗೆ ಅದಕ್ಕೂ ಗತಿಯಿಲ್ಲವೆಂದು ಇನ್ನೊಬ್ಬನು ಹೇಳಲು, ಹಾಗಾದರೆ ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ತನ್ನ ಪಾಲಿಗೆ ಬಿಡಿರಿ, ವಾರ ವಾರವೂ ಅವರ ಮನೆಗೆ ಹೋಗುವೆನು, ಅವರು ಕೊಡಲಾರದುದನ್ನು ತಾನೇ ತುಂಬುವೆನು ಎಂದನು ಆ ಕಪ್ತಾನನು. ಉಳಿದವರೂ ಹಾಗೆಯೇ ಒಪ್ಪಿಕೊಂಡರು.

ಪೆನ್ನಿಗಾಗಿ ಹೋದವರಿಗೆ ಮನೆಯೊಳಗಿನ ಸ್ಥಿತಿಯು ಕಣ್ಣಿಗೆ ಬಿದ್ದಿತು. ಕೂಟದಲ್ಲಿ ಸಾಧುವಾಗಿ ಕಾಣುತ್ತಿದ್ದವರಲ್ಲಿ ಕೆಲವರ ನಡತೆ ಮನೆಯಲ್ಲಿ ಬೇರೆಯಾಗಿದ್ದಿತು. ಮುಖಂಡರು ಇದನ್ನು ವೆಸ್ಲಿಗೆ ತಿಳಿಸಿದರು. ಮನೆಮನೆಗೆ ಹೋಗುವುದರಲ್ಲಿ ತೊಡಕುಗಳೂ ಇದ್ದವು: ಚಾಕರಿಯವರೊಡನೆ ಏಕಾಂತದಲ್ಲಿ ಮಾತಾಡಲು ಒಡೆಯರು ಒಪ್ಪುತ್ತಿರಲಿಲ್ಲ, ಒಬ್ಬರ ಮೇಲೊಬ್ಬರು ಹೇಳಿದ ದೂರನ್ನು ಇಬ್ಬರನ್ನೂ ಎದುರಿಗಿಟ್ಟುಕೊಳ್ಳದೆ ಬಗೆಹರಿಸುವುದು ಸಾಧ್ಯವಿರಲಿಲ್ಲ. ಆದುದರಿಂದ ಹನ್ನೆರಡು ಜನರ ಒಂದೊಂದು ವರ್ಗವು ಒಂದು ಕಡೆಯಲ್ಲಿ ಕೂಡುವ ಪದ್ಧತಿಯಾಯಿತು. ಮುಖಂಡರಾಗಿ ಸ್ತ್ರೀಯರೂ ನಿಯಮಿತರಾದರು. ಊರಿನವರು ಲೆಕ್ಕಕ್ಕಿಡದ ಒಬ್ಬ ಕೂಲಿಯವನ ಮಾತನ್ನು ವಾರಕ್ಕೊಂದು ಸಲ ಹನ್ನೊಂದು ಮಂದಿ ತಲೆಬಾಗಿ ಕೇಳುತ್ತಿದ್ದರು. ಇದು ಸಾಮಾನ್ಯವಾದ ಮಾತೇ?

ಆಕ್ಷೇಪಣೆಗಳು ಬಾರದೆ ಇರಲಿಲ್ಲ. ಇದು ರೋಮನ್ ಪಂಥದವರ ಪಾಪನಿವೇದನೆಯ ಇನ್ನೊಂದು ರೂಪವೆಂದು ಕೆಲವರು ಹಳಿದರು. ಅಲ್ಲಿ ಒಬ್ಬನು ಗುರುವಿನ ಕಿವಿಯಲ್ಲಿ ಹೇಳುತ್ತಾನೆ, ಇಲ್ಲಿ ಎಲ್ಲರೂ ಪರಸ್ಪರ ಹೇಳಿಕೊಳ್ಳುತ್ತಾರೆ ಎಂಬುದು ವೆಸ್ಲಿಯ ಸಮಾಧಾನ. ಇನ್ನೂ ಆಪ್ತವಾದ ಒಂದು ಕೂಟಕ್ಕೆ ಆತನು ವಿಧಿಸಿದ ನಿಯಮಗಳಲ್ಲಿ, ಅಲ್ಲಿ ಆಡಿದ ಮಾತು ಹೊರಗೆ ಹೋಗಕೂಡದೆಂಬುದೂ ಒಂದು. ಒಳಗೆ ಕೇಳಿದುದನ್ನು ಬಾವಿಕಟ್ಟೆಯಲ್ಲಿ ಹರಡುವ ಊರಿನಲ್ಲಿ ಯಾವ ಗೋಷ್ಠಿ ತಾನೇ ಬಾಳೀತು!

ಸಾರಾ ಕ್ರಾಸ್ಬಿ ಎಂಬ ಸ್ತ್ರೀಯ ವೃತ್ತಾಂತವನ್ನು ಇಲ್ಲಿ ಹೇಳದೆ ಬಿಡಲಾಗದು. ೧೭೬೧ರ ಫೆಬ್ರುವರಿಯಲ್ಲಿ ಡರ್ಬಿ ಪಟ್ಟಣದಲ್ಲಿ ಆಕೆಯು ಸುಮಾರು ಮೂವತ್ತು ಜನರ ವರ್ಗವನ್ನು ನಿರೀಕ್ಷಿಸಿ ಹೋಗಲು, ಇನ್ನೂರರಷ್ಟು ಜನ ಬಂದಿದ್ದರು. ಒಬ್ಬೊಬ್ಬರೊಡನೆ ಮಾತಾಡುವುದು ಅಶಕ್ಯ. ಸ್ತ್ರೀಯರು ಸಭೆಯಲ್ಲಿ ಬೋಧಿಸುವುದೋ ಆ ಕಾಲಕ್ಕೆ ನಿಷಿದ್ಧ. ಆಕೆಯು ಕೀರ್ತನೆ ಹಾಡಿಸಿ, ಪ್ರಾರ್ಥಿಸಿ, ದೇವರು ತನಗೆ ಮಾಡಿದ ಉಪಕಾರವನ್ನಷ್ಟು ಅವರಿಗೆ ಹೇಳಿದಳು. ಬಳಿಕ ತಾನು ಮೇರೆ ಮೀರಿದೆನೋ ಎಂದು ಕಳವಳಗೊಂಡು ವೆಸ್ಲಿಗೆ ಕಾಗದ ಬರೆದಳು. ಮೀರಿಲ್ಲವೆಂದು ಆತನಿಂದ ಉತ್ತರ ಬಂದಿತು.

ಮುಂದೆ ಪದ್ಧತಿಯು ಸೊರಗಿತು. ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ಚೀಟಿ ಕೊಡುವ ವಾಡಿಕೆಯಿದ್ದಿತು. ವರ್ಗಕ್ಕೆ ಬಾರದವನಿಗೆ ಚೀಟಿಯಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ, ಜನರು ಪ್ರತಿವಾರವೂ ಅದೇ ಮಾತನ್ನು ಒಪ್ಪಿಸುತ್ತಾರೆಂಬ ದೂರುಗಳು ಕೇಳಿಬಂದವು. ಚೀಟಿಯ ಭಯದಿಂದ ಹೊರಟ ಮಾತು ಬಾಯಿಪಾಠವಾಗದೆ ಇನ್ನೇನಾದೀತು? ಅಂಥ ಕಡೆಯಲ್ಲಿ ನಂಬುಗೆಯುಳ್ಳವನು ಮಾತಾಡುತ್ತಾನೆ, ನಂಬುಗೆ ಕುಂದಿದವನು ನಂಬುಗೆಯುಳ್ಳವನಂತೆ ಮಾತಾಡುತ್ತಾನೆ.

ಈ ಕಷ್ಟವು ಮೂಲಪುರುಷನನ್ನೂ ಬಿಡಲಿಲ್ಲ. ಸಹಸ್ರಾರು ಜನರಿಗೆ ಎದೆ ತೆರೆದು ಮಾತಾಡುವುದನ್ನು ಕಲಿಸಿದ ವೆಸ್ಲಿಯು, ತನ್ನ ಅರುವತ್ತಮೂರನೆಯ ವಯಸ್ಸಿನಲ್ಲಿ, ೧೭೬೬ರ ಜೂನ್ ೨೭ರಂದು, ತಮ್ಮನಾದ ಚಾರ್ಲ್ಸನಿಗೆ ಒಂದು ಕಾಗದ ಬರೆದನು. ತನ್ನಲ್ಲಿ ದೇವರ ಮೇಲಣ ಪ್ರೀತಿಯಿಲ್ಲ, ಎಂದೂ ಇದ್ದಿರಲಿಲ್ಲ ಎಂಬುದು ಅದರೊಳಗಿನ ನಿವೇದನೆ. ಆದರೂ ಬೋಧಿಸುವ ಕೆಲಸವನ್ನು ಬಿಡಲಾರೆನೆಂಬುದನ್ನೂ ಬರೆದನು. ಈ ನಿವೇದನೆಯ ಕೆಲವು ಮಾತುಗಳನ್ನು ಮಾತ್ರ ಆತನು ಎಲ್ಲರೂ ಓದುವ ಅಕ್ಷರಗಳಲ್ಲಿ ಬರೆಯದೆ, ಅಣ್ಣತಮ್ಮಂದಿರಿಬ್ಬರೂ ಬಲ್ಲ ಶೀಘ್ರಲಿಪಿಯಲ್ಲಿ ಬರೆದನು. ಅದಾದ ಮೇಲೆ ಇಪ್ಪತ್ತನಾಲ್ಕು ವರ್ಷಗಳಿಗೂ ಮಿಕ್ಕಿ ಬದುಕಿ, ಊರೂರು ಸುತ್ತಿ ಬೋಧಿಸಿ, ೧೭೯೧ರ ಮಾರ್ಚ್ ೨ರಂದು ಲಂಡನ್ನಿನಲ್ಲಿ ತೀರಿಕೊಂಡನು. ಚಾರ್ಲ್ಸನು ಅಣ್ಣನಿಗಿಂತ ಮೂರು ವರ್ಷ ಮೊದಲೇ ತೀರಿಕೊಂಡಿದ್ದನು. ಆ ಕಾಗದವನ್ನು ಆತನು ಹರಿದು ಹಾಕಿರಲಿಲ್ಲ.