ಕರುಳಿನ ನೋವು, ಮನಸ್ಸಿನ ಭಾರ: ಕಾಲೇಜಿಗೆ ಹೋಗುವ ನಮ್ಮ ಮಕ್ಕಳು



ಕ್ಯಾತನಹಳ್ಳಿ ರೈತನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರು. ಹೊಟ್ಟೆಪಾಡಿನ ಮಾತನ್ನು ಇಲ್ಲಿ ಯಾರೂ ಅಳುಕದೆ ಆಡುತ್ತಾರೆ. ಕಕ್ಕಸಿನ ಮಾತು ಬಂದರೆ ಮಾತ್ರ ನಾವೆಲ್ಲ ತಲೆ ತಗ್ಗಿಸುತ್ತೇವೆ. ಇವತ್ತು ಅದನ್ನೇ ಮಾತಾಡಬೇಕಾಗಿದೆ.

ಮೈಸೂರಿಗೋ ಮಂಡ್ಯಕ್ಕೋ ಓದಲು ಹೋಗುವ ಹುಡುಗಿಯೊಬ್ಬಳನ್ನು ನೆನೆಯಿರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಸ್ಸಿನ ಖರ್ಚು ತಪ್ಪಿತು, ಸಂತೋಷ. ಆದರೆ ಬೆಳಿಗ್ಗೆ ಹೊಟ್ಟೆ ನುಲಿಯಲು ಶುರುವಾದರೆ ದಾರಿಯಲ್ಲಿ ಇಳಿಯುವುದೆಲ್ಲಿ? ಅದಕ್ಕೇ ಅವಳು ತಿಂಡಿ ಬಿಡುತ್ತಾಳೆ, ನೀರು ಕುಡಿಯುವುದಿಲ್ಲ. ಪರೀಕ್ಷೆಯ ದಿನ ನೋವು ಇನ್ನೂ ಜೋರು. ಮನೆಯಲ್ಲಿ ಹೇಳಿದರೆ, 'ಏನಿಲ್ಲ ಕಣವ್ವ, ಗ್ಯಾಸ್ಟ್ರಿಕ್ಕು' ಅಂತ ಮೆಡಿಕಲ್ ಸ್ಟೋರಿನ ಮಾತ್ರೆ ಕೊಡುತ್ತಾರೆ. ಸ್ಕ್ಯಾನಿಂಗ್ ಮಾಡಿಸಿದರೆ ಎಲ್ಲ ಸರಿಯಾಗಿದೆ. ಆಗ ಹುಟ್ಟುವ ಮಾತೇ ಅವಳನ್ನು ಹೆಚ್ಚು ನೋಯಿಸುವುದು: 'ಓದೋಕೆ ಸೋಮಾರಿತನ, ನೆಪ ಹೇಳ್ತಾಳೆ.'

ನೆಪವಲ್ಲ. ಇದಕ್ಕೆ ವೈದ್ಯರು ಇರಿಟಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್ ಎನ್ನುತ್ತಾರೆ. ವೈದ್ಯರು ಬಳಸುವ 2016ರ ರೋಮ್ ಮಾನದಂಡದಂತೆ, ಆರು ತಿಂಗಳ ಹಿಂದೆಯೇ ಶುರುವಾದ ತೊಂದರೆ, ಈಚಿನ ಮೂರು ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು, ಜೊತೆಗೆ ಮಲವಿಸರ್ಜನೆಯಲ್ಲಿ ವ್ಯತ್ಯಾಸ, ಇವಿದ್ದರೆ ಐಬಿಎಸ್ ಎಂದು ಗುರುತಿಸುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಹುಣ್ಣು ಕಾಣುವುದಿಲ್ಲ. ಕೆಟ್ಟಿರುವುದು ಕರುಳಿಗೂ ಮೆದುಳಿಗೂ ನಡುವಿನ ಸಂಪರ್ಕ. ಕರುಳಿನ ಗೋಡೆಯಲ್ಲೇ ಕೋಟ್ಯಂತರ ನರಕೋಶಗಳಿವೆ. ದೇಹದ ಸೆರೊಟೋನಿನ್‌ನ ಬಹುಪಾಲು ಅಲ್ಲೇ ತಯಾರಾಗುತ್ತದೆ. ಆತಂಕ ಹೆಚ್ಚಾದಾಗ ಕರುಳಿನ ಚಲನೆ ಏರುಪೇರಾಗುತ್ತದೆ, ಸಣ್ಣ ಉಬ್ಬರವೂ ದೊಡ್ಡ ನೋವಾಗಿ ತಿಳಿಯುತ್ತದೆ. ಆ ನೋವಿನ ಭಯ ಮತ್ತೆ ಆತಂಕವನ್ನು ಬೆಳೆಸುತ್ತದೆ. ತರಗತಿ ತಪ್ಪುತ್ತದೆ, ಗೆಳತಿಯರ ಜೊತೆ ಊಟ ತಪ್ಪುತ್ತದೆ, ಕೊನೆಗೆ ಹುಡುಗಿ ಕೋಣೆಯಲ್ಲೇ ಉಳಿಯುತ್ತಾಳೆ. ಕೆಲವರಿಗೆ ಕೆಟ್ಟ ನೀರು ಕುಡಿದು ಭೇದಿಯಾದ ಮೇಲೆ ಐಬಿಎಸ್ ಅಂಟಿಕೊಳ್ಳುವುದೂ ಉಂಟು.

ಮಲದಲ್ಲಿ ರಕ್ತ, ತೂಕ ಇಳಿಯುವುದು, ಜ್ವರ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವು ಕಂಡರೆ ಐಬಿಎಸ್ ಎಂದು ಸುಮ್ಮನಿರಬಾರದು, ತಕ್ಷಣ ವೈದ್ಯರಿಗೆ ತೋರಿಸಿ.

ಇನ್ನು ಊಟ. ಅವರೆಕಾಳು, ಹುರುಳಿ, ಈರುಳ್ಳಿ, ಬೆಳ್ಳುಳ್ಳಿ ಕೆಲವರ ಕರುಳಿನಲ್ಲಿ ಹುಳಿತು ಗಾಳಿ ತುಂಬುತ್ತವೆ. ಯಾವುದು ಆಗುವುದಿಲ್ಲ ಎಂದು ಬರೆದಿಟ್ಟು ನೋಡಿ ಕಡಿಮೆ ಮಾಡಬೇಕೇ ಹೊರತು ಬಸ್ಸಾರು, ಮುದ್ದೆಯನ್ನೆಲ್ಲ ಒಟ್ಟಿಗೆ ಬಿಟ್ಟು ಸೊರಗಬಾರದು. ಇಸಬ್‌ಗೋಲ್ ಹಲವರಿಗೆ ಒಗ್ಗುತ್ತದೆ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆಯನ್ನು ತೀರ ಕಡಿಮೆ ಪ್ರಮಾಣದಲ್ಲಿ ವೈದ್ಯರು ಇದಕ್ಕೂ ಬರೆಯುತ್ತಾರೆ. ಅದನ್ನು ಕಂಡು 'ನಮ್ ಮಗೀಗೆ ಹುಚ್ಚಾ?' ಎಂದು ಚೀಟಿ ಹರಿಯಬೇಡಿ. ಆಪ್ತಸಮಾಲೋಚನೆಯಿಂದಲೂ ಹೊಟ್ಟೆನೋವು ಕಡಿಮೆಯಾಗಬಹುದು. 2022ರ ಅಕ್ಟೋಬರ್‌ನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮಾತ್ರೆ, ಫೋನು ಇಷ್ಟರಿಂದಲೇ ಮುಗಿಯುವುದಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಅವರು ಇದ್ದಾರೆಯೇ, ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ. ಅದೇ ದಿನ ಶೌಚಾಲಯಕ್ಕೂ ಹೋಗಿ, ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಬಾಗಿಲಿಗೆ ಚಿಲಕವಿದೆಯೇ ನೋಡಿ. ಇಲ್ಲದಿದ್ದರೆ ಪ್ರಾಂಶುಪಾಲರಿಗೆ ಬರೆದುಕೊಡಿ.