ಅಳಿಲುಗಳ ಸೀಮೆ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಗಿಡಕ್ಕೆ ಸಲ್ಲುವ ಈ ಮಾತು ಪ್ರಾಣಿಗೂ ಸಲ್ಲುತ್ತದೆ. ಹಿತ್ತಲಿನ ಅಳಿಲು ನಮ್ಮ ಕಣ್ಣಿಗೆ ಬೀಳುವುದು ಅದು ಹೆಂಚಿನ ಸಂದಿಗೆ ನಾರು ತುರುಕಿದಾಗ, ಇಲ್ಲವೆ ಒಣಹಾಕಿದ ಕಡಲೆಕಾಯಿಗೆ ಬಾಯಿಹಾಕಿದಾಗ. ಉಳಿದ ಹೊತ್ತಿನಲ್ಲಿ ಅದು ಇದ್ದೂ ಇಲ್ಲದಂತೆ. ಆದರೆ ಕೃಷ್ಣರಾಜನಗರದಿಂದ ಹೊರಟು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳನ್ನು ದಾಟಿ ಕಾಡಿನಂಚಿನವರೆಗೆ ಹೋಗುವವರು ಅಳಿಲೊಂದನ್ನೇ ಗುರುತಾಗಿಟ್ಟುಕೊಂಡು ನೋಡಿದರೆ ನಮ್ಮ ಸೀಮೆಯ ಒಂದು ದೊಡ್ಡ ಸಂಗತಿ ತಿಳಿದುಬರುತ್ತದೆ. ಅದನ್ನು ನಿಮ್ಮ ಮುಂದಿಡುವುದೇ ಈ ಮಾತುಗಳ ಉದ್ದೇಶ.

ಮೊದಲು ಹೆಸರನ್ನು ನೋಡೋಣ. ನಮ್ಮ ಅಳಿಲು ತಮಿಳಿನ ‘ಅಣಿಲ್’ ಎಂಬ ಪದದ ಒಡಹುಟ್ಟು. ‘ಇಣಚಿ’ ಎಂಬುದೂ ಕನ್ನಡದ ಮಾತೇ. ವಿಜ್ಞಾನಿಗಳು ನಮ್ಮ ಅಳಿಲಿನ ಕುಲಕ್ಕೆ ‘ಫುನಾಂಬುಲಸ್’ ಎಂಬ ಲ್ಯಾಟಿನ್ ಹೆಸರಿಟ್ಟಿದ್ದಾರೆ. ಹಗ್ಗದ ಮೇಲೆ ನಡೆಯುವವನು ಎಂದು ಅದರ ಅರ್ಥ. ಬಟ್ಟೆ ಒಣಹಾಕುವ ತಂತಿಯ ಮೇಲೆ ಅಳಿಲು ಓಡುವುದನ್ನು ಕಂಡವರಿಗೆ ಈ ದೊಂಬರಾಟದ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬೆನ್ನಿನ ಗೆರೆ. ಶ್ರೀರಾಮನು ಸೇತುವೆಯ ಕೆಲಸಕ್ಕೆ ಮೆಚ್ಚಿ ಮೂರು ಬೆರಳಿನಿಂದ ಸವರಿದನೆಂದು ನಾವು ಹೇಳುತ್ತೇವೆ. ಈ ಅಳಿಲಿನ ಕಥೆ ವಾಲ್ಮೀಕಿ ರಾಮಾಯಣದಲ್ಲಿಲ್ಲ. ಅಳಿಲು ಸೇತುವೆಗೆ ಮರಳು ಹೊತ್ತ ಮಾತು ತೊಂಡರಡಿಪ್ಪೊಡಿ ಆಳ್ವಾರರ ‘ತಿರುಮಾಲೈ’ಯಲ್ಲಿ ಬರುತ್ತದೆ. ತಮಾಷೆಯೆಂದರೆ, ಉತ್ತರ ಭಾರತದ ಊರುಗಳಲ್ಲಿ ಓಡಾಡುವುದು ಐದು ಗೆರೆಯ ಅಳಿಲು! ಅಲ್ಲಿನವರ ಪಾಲಿಗೆ ರಾಮನು ಇಡೀ ಹಸ್ತವನ್ನೇ ಇಟ್ಟಿರಬೇಕು. ನಮ್ಮದು ಮೂರು ಗೆರೆಯದು. ಒಂದು ಗೇಣಿಗಿಂತ ಚಿಕ್ಕ ಮೈ, ಮೈಯಷ್ಟೇ ಉದ್ದದ ಬಾಲ, ಸುಮಾರು 100 ಗ್ರಾಂ ತೂಕ.

ನಮ್ಮ ಶಾಲೆಯ ಮಕ್ಕಳಿಗೆ ‘ಅಳಿಲು’ ಎಂದು ಪ್ರಬಂಧ ಕೊಟ್ಟರೆ ನಲವತ್ತು ಮಂದಿ ಸೇತುವೆಯ ಕಥೆಯನ್ನೇ ಬರೆಯುತ್ತಾರೆ. ತಮ್ಮ ಮನೆಯ ಅಳಿಲು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಎಂದು ಬರೆಯುವವರು ಒಬ್ಬಿಬ್ಬರು. ಕಥೆ ಬೇಡವೆಂದಲ್ಲ, ಕಥೆಯ ಜೊತೆಗೆ ಕಣ್ಣೂ ಬೇಕು.

ಕಣ್ಣಿಟ್ಟು ನೋಡುವವರಿಗೆ ಒಮ್ಮೊಮ್ಮೆ ಬಿಳಿಯ ಅಳಿಲು ಕಾಣಸಿಗುವುದುಂಟು. ಅದು ಶಕುನವೂ ಅಲ್ಲ, ಬೇರೆ ಜಾತಿಯೂ ಅಲ್ಲ. ಮೈಗೆ ಬಣ್ಣ ಕೊಡುವ ಅಂಶ ಹುಟ್ಟಿನಿಂದಲೇ ಇಲ್ಲದಿದ್ದರೆ ಕೂದಲು ಬೆಳ್ಳಗಾಗುತ್ತದೆ, ಕಣ್ಣು ಕೆಂಪಗೆ ಕಾಣುತ್ತದೆ. ಕಣ್ಣು ಕಪ್ಪಾಗಿಯೇ ಉಳಿದು ಕೂದಲು ಮಾತ್ರ ಬಿಳಿಯಾಗುವುದೂ ಉಂಟು. ಇಂಥ ಅಳಿಲು ಹದ್ದಿಗೂ ಬೆಕ್ಕಿಗೂ ಬೇಗ ಕಾಣುವುದರಿಂದ ಅದರ ಬಾಳು ಕಷ್ಟದ್ದು. ಅದನ್ನು ಹಿಡಿದು ಪಂಜರಕ್ಕೆ ಹಾಕುವುದರಿಂದ ಯಾರಿಗೂ ಪುಣ್ಯ ಬಾರದು.

ಈಗ ಪಡುವಣದ ಕಡೆಗೆ ಹೊರಡೋಣ. ಕೃಷ್ಣರಾಜನಗರದ ಕಾವೇರಿ ನಾಲೆಯ ಗದ್ದೆಬಯಲಿನಲ್ಲಿ, ತೆಂಗಿನ ತೋಟಗಳಲ್ಲಿ, ಮೂರು ಗೆರೆಯ ಅಳಿಲಿನದೇ ರಾಜ್ಯ. ಹುಣಸೂರು ಪೇಟೆಯಲ್ಲೂ ಹಾಗೆಯೇ. ಪಡುವಣಕ್ಕೆ ಹೋದಂತೆ ಮಳೆ ಹೆಚ್ಚುತ್ತದೆ, ಮರ ಎತ್ತರವಾಗುತ್ತದೆ. ಹುಣಸೂರು, ಕೋಟೆ ತಾಲ್ಲೂಕುಗಳ ಅಂಚಿನಲ್ಲಿ ನಾಗರಹೊಳೆಯ ಕಾಡು ಎದುರಾಗುತ್ತದೆ. 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು ಅದು. ಅಲ್ಲಿ ತಲೆಯೆತ್ತಿ ನೋಡಿದರೆ ಕಾಣುವುದು ಕೆಂದಳಿಲು. ಮೈಯೇ ಒಂದು ಅಡಿಗಿಂತ ಹೆಚ್ಚು, ಬಾಲ ಅದಕ್ಕೂ ಉದ್ದ, ತೂಕ ಒಂದೂವರೆ ಎರಡು ಕಿಲೊ. ಬೆನ್ನು ಕೆಂಗಂದು, ಹೊಟ್ಟೆ ತೆಳುಹಳದಿ. ಹಿಂಗಾಲಿನಿಂದ ಕೊಂಬೆಗೆ ಜೋತುಬಿದ್ದು, ಮುಂಗೈಯಲ್ಲಿ ಹಣ್ಣು ಹಿಡಿದು ತಿನ್ನುವಾಗ ಆ ಬಾಲವೇ ಅದಕ್ಕೆ ತಕ್ಕಡಿ. ನೆರೆಯ ಮಹಾರಾಷ್ಟ್ರದವರು ಇದನ್ನು ‘ಶೇಕರು’ ಎಂದು ಕರೆದು ತಮ್ಮ ರಾಜ್ಯಪ್ರಾಣಿಯ ಪಟ್ಟ ಕಟ್ಟಿದ್ದಾರೆ.

ಕೆಂದಳಿಲು ಮಲಗಿದ ಮೇಲೆ ಅದೇ ಕಾಡಿನಲ್ಲಿ ಇನ್ನೊಂದು ಅಳಿಲಿನ ಸರದಿ. ಹಗಲೆಲ್ಲ ಹಳೆಯ ಮರದ ಪೊಟರೆಯಲ್ಲಿ ಮಲಗಿದ್ದು ಕತ್ತಲಾದ ಮೇಲೆ ಹೊರಬರುವ ಹಾರುವ ಅಳಿಲು ಅದು. ಮಲೆನಾಡಿನ ಕೆಲವೆಡೆ ಹಾರುಬೆಕ್ಕು ಎನ್ನುವುದುಂಟು. ಹಾರುವುದೆಂದರೆ ಹಕ್ಕಿಯ ಹಾರಾಟವಲ್ಲ. ಮುಂಗಾಲಿನಿಂದ ಹಿಂಗಾಲಿನವರೆಗೆ ಇರುವ ತೊಗಲನ್ನು ಕಂಬಳಿಯಂತೆ ಬಿಚ್ಚಿ, ಎತ್ತರದ ಮರದಿಂದ ತಗ್ಗಿನ ಮರಕ್ಕೆ ತೇಲುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಿಂದ ಕನ್ನಡಿಗರೆಲ್ಲರ ಪರಿಚಯಕ್ಕೆ ಬಂದ ಹಾರುವ ಓತಿಯದೂ ಇದೇ ಬಗೆಯ ತೇಲಾಟ. ಇರುಳಿನಲ್ಲಿ ತಲೆಯ ಮೇಲೆ ದೊಡ್ಡ ನೆರಳೊಂದು ಸದ್ದಿಲ್ಲದೆ ಸಾಗಿದರೆ ದೆವ್ವವೆಂದು ಬೆಚ್ಚುವುದು ಸಹಜವೇ. ಆದರೆ ಆ ದೆವ್ವ ತಿನ್ನುವುದು ಅತ್ತಿ ಆಲಗಳ ಹಣ್ಣನ್ನೂ ಎಲೆಯನ್ನೂ!

ಹಾಗಾದರೆ ಈ ದೊಡ್ಡ ಅಳಿಲುಗಳು ನಮ್ಮ ಹಿತ್ತಲಿಗೆ ಬಾರದಿರುವುದೇಕೆ? ಹಿತ್ತಲಿನ ಅಳಿಲು ನೆಲಕ್ಕಿಳಿದು ಅಂಗಳ ದಾಟಿ ಇನ್ನೊಂದು ಮರ ಹತ್ತಬಲ್ಲುದು. ಕೆಂದಳಿಲಿಗೆ ನೆಲವೆಂದರೆ ಪರದೇಶ. ಕೊಂಬೆಯಿಂದ ಕೊಂಬೆಗೆ ಇಪ್ಪತ್ತು ಅಡಿಯವರೆಗೆ ನೆಗೆಯಬಲ್ಲ ಈ ಜೀವ, ಅದಕ್ಕೂ ಅಗಲವಾದ ಬಯಲು ಎದುರಾದರೆ ಅಲ್ಲೇ ನಿಲ್ಲುತ್ತದೆ. ಇಳಿದರೆ ನಾಯಿಯೋ ಚಿರತೆಯೋ ಕಾದಿರುತ್ತದೆ. ಹಾರುವ ಅಳಿಲಿಗಾದರೋ ಎತ್ತರದ ಮುದಿ ಮರವಿಲ್ಲದೆ ಮನೆಯೇ ಇಲ್ಲ. ಆದ್ದರಿಂದ ಕೆಂದಳಿಲಿನ ಸೀಮೆಗೆ ಗಡಿಯನ್ನು ಎಳೆಯುವವರು ಸರ್ವೆಯವರಲ್ಲ. ಕೊಡಲಿ ಹಿಡಿದ ನಾವು.

ಈ ಮಾತು ನಮ್ಮ ಭಾಗಕ್ಕೆ ಹೆಚ್ಚಾಗಿ ಅನ್ವಯಿಸುತ್ತದೆ. ಹುಣಸೂರು, ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ನಾಡು. ಸೊಪ್ಪನ್ನು ಹದಮಾಡುವ ಬ್ಯಾರನ್ನುಗಳು ಹಗಲಿರುಳು ಸೌದೆ ಬೇಡುತ್ತವೆ. ರೈತನಿಗೆ ಅದು ಅನ್ನದ ಪ್ರಶ್ನೆ. ಅವನನ್ನು ಬೈದು ಪ್ರಯೋಜನವಿಲ್ಲ. ಆದರೆ ಸೌದೆಗೆಂದೇ ಹೊಲದಂಚಿನಲ್ಲಿ ಬೇಗ ಬೆಳೆಯುವ ಮರ ನೆಟ್ಟು, ಬೇಲಿಸಾಲಿನ ಹಳೆಯ ಆಲ, ಅತ್ತಿ, ಬಸರಿಗಳನ್ನು ಉಳಿಸಿಕೊಳ್ಳುವುದು ಅವನ ಕೈಯಲ್ಲಿದೆ. ರಸ್ತೆ ಅಗಲಿಸುವಾಗಲೂ ಅಷ್ಟೆ. ಎರಡು ಬದಿಯ ಕೊಂಬೆಗಳು ಮೇಲೆ ಕೈಕೂಡಿಸಿದ್ದರೆ ಅದೇ ಅಳಿಲಿಗೆ ಸೇತುವೆ. ರಾಮನ ಸೇತುವೆಗೆ ಮರಳು ಹೊತ್ತ ಜೀವಕ್ಕೆ ನಾವು ಒಂದು ಕೊಂಬೆಯ ಸೇತುವೆಯನ್ನು ಉಳಿಸಿಕೊಟ್ಟರೆ ಹೆಚ್ಚಾಯಿತೇ?

ಪಟ್ಟಣದಲ್ಲಿರುವ ನೀವು ಏನು ಮಾಡಬಹುದು? ಗಾಳಿಗೆ ಗೂಡಿನಿಂದ ಅಳಿಲಿನ ಮರಿ ಬಿದ್ದರೆ ಹಸುವಿನ ಹಾಲು ಹಿಂಡಲು ಹೋಗಬೇಡಿರಿ. ಮೆತ್ತನೆಯ ಬಟ್ಟೆ ಹಾಸಿದ ಪುಟ್ಟ ಬುಟ್ಟಿಯಲ್ಲಿಟ್ಟು, ಬೆಕ್ಕಿಗೆ ಎಟುಕದಂತೆ ಅದೇ ಮರಕ್ಕೆ ಕಟ್ಟಿ ದೂರ ಸರಿಯಿರಿ. ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುವುದುಂಟು. ಕೆಂದಳಿಲಾಗಲಿ ಹಾರುವ ಅಳಿಲಾಗಲಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿರಿ. 1972ರ ವನ್ಯಜೀವಿ ಕಾಯಿದೆ ಅವುಗಳನ್ನು ಕಾಪಾಡುತ್ತದೆ, ಸಾಕುವುದು ಅಪರಾಧ. ಎಲ್ಲಕ್ಕಿಂತ ಮೊದಲು, ಮಕ್ಕಳಿಗೆ ಈ ಮೂರು ಹೆಸರುಗಳನ್ನು ಬೇರೆಬೇರೆಯಾಗಿ ಹೇಳಿಕೊಡಿರಿ. ಎಲ್ಲವೂ ಬರಿಯ ‘ಅಳಿಲು’ ಆಗಿಬಿಟ್ಟರೆ, ಒಂದು ಇಲ್ಲವಾದ ದಿನ ಯಾರಿಗೂ ಗೊತ್ತಾಗದು. ಹೆಸರು ಬಲ್ಲವನು ಮಾತ್ರ ‘ಕೆಂದಳಿಲು ಈ ವರ್ಷ ಕಾಣಲಿಲ್ಲವಲ್ಲ’ ಎಂದು ಕೇಳಬಲ್ಲ.